ನಮ್ಮ ಓಣಿಯ ಹಂಪುಗಳು

ಚಹಾಕ್ಕೆ ಶುಂಠಿ ಜಜ್ಜುತ್ತಿರುವಾಗಲೇ ಹಾಲಿನವನ ಕ್ಯಾನು ಮಾತಾಡಲು ಶುರುಮಾಡುತ್ತದೆ. ಬೀದರಿನ ಚಿದ್ರಿಯಲ್ಲಿರುವ ನಮ್ಮ ಓಣಿಯ ಮೂಲೆಯಲ್ಲಿ ಅವನ ಗಾಡಿ ರಸ್ತೆಯುಬ್ಬನ್ನು, ನಮ್ಮ ಬಾಯಲ್ಲಿ ಹಂಪು, ಮೊದಲನೆಯದನ್ನು ಹತ್ತಿಳಿದರೆ ಒಂದು ಢಣ್, ಕಿರಾಣಿ ಅಂಗಡಿಯ ಮುಂದೆ ಇನ್ನೊಂದು, ಗೇಟಿಗೆ ಹೊಸ ಬಣ್ಣ ಬಳಿದವರ ಮನೆಯೆದುರು ಮತ್ತೊಂದು. ಆ ಸದ್ದು ಹಿಡಿದೇ ನಾನು ಪಾತ್ರೆ ತೊಳೆದು ಬಾಗಿಲಿಗೆ ಹೋಗುತ್ತೇನೆ. ಆ ಬೆಳಿಗ್ಗೆ ಮಾತ್ರ ನಮ್ಮ ಗೇಟಿನ ಮುಂದೆ ರಸ್ತೆಗೆ ಅಡ್ಡಲಾಗಿ ಎಳೆದ ಸುಣ್ಣದ ಗೆರೆಯೊಂದು ಕಣ್ಣಿಗೆ ಬಿತ್ತು. ಎದುರುಮನೆಯವರು ವಾರ್ಡ್ ಕಚೇರಿಯಲ್ಲಿ ಕೇಳಿದ್ದರಂತೆ; ಅಲ್ಲೂ ಒಂದು ಹಂಪು ಏಳಲಿತ್ತು.

ನಮ್ಮತ್ತೆಗೆ ಸೊಂಟದ ಆಪರೇಷನ್ ಆಗಿದೆ. ವ್ಯಾಯಾಮಕ್ಕೆಂದು ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಟ್ಟರೆ ನಡಿಗೆ ಮರಳುವುದಿಲ್ಲವೆಂದು ಡಾಕ್ಟರು ಎಚ್ಚರಿಸಿದ್ದಾರೆ. ಎಕಂಬಾದ ತವರಿನಿಂದ ಔರಾದ ದಾಟಿ ಬೀದರಿನವರೆಗೆ ಕಾರಿನಲ್ಲಿ ನಿದ್ದೆ ಮಾಡುತ್ತ ಬಂದವರು, ನಮ್ಮ ಓಣಿ ಹೊಕ್ಕೊಡನೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದು, ಹಂಪು ಹಂಪಿಗೂ ಯೇಸಪ್ಪನನ್ನು ಕರೆಯುತ್ತಾರೆ. ಇನ್ನೊಂದು ಎದ್ದರೆ ಆಸ್ಪತ್ರೆಯೇ ಬೇಡವೆಂದುಬಿಟ್ಟಾರು ಎಂಬುದು ನನ್ನ ಅಂಜಿಕೆ.

ಹಂಪೆಂಬುದೇ ಕೆಟ್ಟದ್ದು ಎನ್ನಲಾರೆ. ಮೂಲೆಯದು ಶಾಲೆಯ ಮಕ್ಕಳನ್ನು ಕಾಯುತ್ತದೆ. ಆದರೆ ಉಳಿದವು ಹುಟ್ಟಿದ ಬಗೆ ನೋಡಿ. ಒಂದು ಹಂಪಿನ ಸುಖ ಇಡಿಯಾಗಿ ಒಂದೇ ಹೊಸ್ತಿಲಿಗೆ ಬಂದು ಕೂರುತ್ತದೆ. ಅದರ ಕಷ್ಟವೋ, ಹಿಟ್ಟಿನಲ್ಲಿ ಕಲಸಿದ ಚಿಟಿಕೆ ಉಪ್ಪಿನಂತೆ, ಹಾದುಹೋಗುವ ಎಲ್ಲರಿಗೂ ಹಂಚಿಹೋಗುತ್ತದೆ. ಚಿಟಿಕೆ ಉಪ್ಪಿಗಾಗಿ ಯಾರು ಜಗಳ ತೆಗೆಯುತ್ತಾರೆ? ಸುಖ ಬೇಕಾದವರು ಮಾತ್ರ ಕಚೇರಿಯ ಮೆಟ್ಟಿಲು ಹತ್ತುತ್ತಾರೆ, ಕೆಲಸವಾದರೆ ಮತ ಹಾಕುವಾಗ ನೆನೆಯುತ್ತಾರೆ. ವಾರ್ಡಿನ ಸದಸ್ಯರೂ ನಮ್ಮಂಥ ಮನುಷ್ಯರೇ. ಬಾಗಿಲು ತಟ್ಟಿದವರಿಗೆ ತೆರೆಯುತ್ತಾರೆ. ತಟ್ಟದವರ ಸೊಂಟ ಯಾವ ಲೆಕ್ಕದಲ್ಲೂ ಬರುವುದಿಲ್ಲ. ದೊಡ್ಡ ದೊಡ್ಡ ಸೇತುವೆ, ಬೈಪಾಸುಗಳ ಲಾಭ-ನಷ್ಟವನ್ನು ತೂಗುವ ತಕ್ಕಡಿಯಲ್ಲೂ ಹೀಗೆಯೇ ಒಂದು ತಟ್ಟೆಗೆ ನಾಲಿಗೆಯಿದ್ದು ಇನ್ನೊಂದು ಮೂಗಿಯಾಗಿರುತ್ತದೆಯೇ? ಒಲೆಯ ಮುಂದೆ ನಿಂತು ನಾನು ಯೋಚಿಸಿದ್ದು ಇದನ್ನೇ. ಚಹಾ ಉಕ್ಕಿದ್ದೂ ಆಗಲೇ.

ಸರಿ, ಮೂಗಿಯಾದ ತಟ್ಟೆಗೆ ನಾನೇ ಬಾಯಾಗೋಣವೆಂದು ಸೀರೆ ಬದಲಿಸಿ ವಾರ್ಡ್ ಕಚೇರಿಗೆ ಹೊರಟೆ. ಪಕ್ಕದ ಮನೆಯ ಕಮಲಾಬಾಯಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತ, ಎಲ್ಲಿಗೆ ಎಂದು ಕೇಳಿದರು; ಹಂಪಿನ ವಿಷಯ ಎಂದಷ್ಟೇ ಹೇಳಿ ಅವಸರದಲ್ಲಿ ನಡೆದೆ. ಕಚೇರಿಯ ಗುಮಾಸ್ತ ಸಜ್ಜನ. ಕುರ್ಚಿ ಕೊಟ್ಟ, ಅತ್ತೆಯ ಕಥೆಯನ್ನೆಲ್ಲ ಕೇಳಿದ, ಪೆನ್ನು ತೆರೆದು ಅರ್ಜಿ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದ.

"ಬ್ಯಾಡ ಅಂತ ಬರಿಯೋ ರಿವಾಜೇ ಇಲ್ಲ್ರಿ ಮೇಡಂ," ಎಂದ ಕೊನೆಗೆ. "ಎಲ್ಲಿ ಬೇಕು, ಅದು ಹೇಳ್ರಿ."

ಆದರೂ ನನ್ನ ಒತ್ತಾಯಕ್ಕೆ ಒಂದು ಸಾಲು ಗೀಚಿಕೊಂಡ, ಸದಸ್ಯರಿಗೆ ಹೇಳುವೆನೆಂದ. ಮಧ್ಯಾಹ್ನ ಕಚೇರಿಯ ಕಡೆಯವರು ಯಾರೋ ಬಂದು ಸುಣ್ಣದ ಗೆರೆಯನ್ನು ಚಪ್ಪಲಿಯಿಂದ ಉಜ್ಜಿ ಅಳಿಸಿದಾಗ, ಅತ್ತೆಯನ್ನು ಕಿಟಕಿಗೆ ಕರೆದು ತೋರಿಸಿದೆ. ಅವರು ನನ್ನ ಮೊಣಕೈ ಹಿಡಿದರು, ಈ ಸಲ ಮೆಲ್ಲಗೆ.

ಸಂಜೆ ಚಹಾದ ಲೋಟ ಹಿಡಿದು ಗೇಟಿನ ಬಳಿ ನಿಂತಿದ್ದೆ. ನಾಳೆಯೂ ಕ್ಯಾನು ನಮ್ಮ ಮುಂದೆ ಸದ್ದಿಲ್ಲದೆ ನಿಲ್ಲುತ್ತದೆ ಎಂಬ ಸಮಾಧಾನ. ಕಮಲಾಬಾಯಿ ಹಪ್ಪಳ ಎತ್ತಿಡುತ್ತ, ನನ್ನತ್ತ ತಿರುಗದೆಯೇ ಹೇಳಿದರು:

"ಬೆಳಿಗ್ಗಿ ನೀವೇ ಹಂಪ್ ಕೇಳಲಾಕ ಹೋದ್ರಿ ಅಂದ್ಮ್ಯಾಲ ನಾ ಯಾಕ ಹಿಂದ ಉಳೀಲಿ ಅಂತ, ನಾನೂ ಹೋಗಿ ನಮ್ಮ ಮನಿ ಮುಂದ ಒಂದು ಬರಸಿ ಬಂದೀನ್ರಿ ಅಕ್ಕ."