‘ಕ್ರ್ಯಾಶ್’ ಅನ್ನುವಷ್ಟು ಸದ್ದು
ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು. ‘ಕ್ರ್ಯಾಶ್’ ಅನ್ನುವ ಕ್ರಿಯಾಪದ ಪಾಠದಲ್ಲಿ ಬಂದಾಗಲೆಲ್ಲ ಸೀಮೆಸುಣ್ಣ ಕೆಳಗಿಟ್ಟುಬಿಡುತ್ತೇನೆ. ಬಸ್ಸು ಮರಕ್ಕೆ ಗುದ್ದಿದರೂ ಅದೇ ಪದ, ಅಟ್ಟದಿಂದ ಪಾತ್ರೆ ಬಿದ್ದರೂ ಅದೇ, ಕಂಪ್ಯೂಟರ್ ಕೈಕೊಟ್ಟರೂ ಅದೇ. ನಿಘಂಟಿನ ಮೊದಲ ಅರ್ಥ ಮಾತ್ರ ಹೀಗೆ: ದೊಡ್ಡ ಸದ್ದಿನೊಂದಿಗೆ ಅಪ್ಪಳಿಸು. ಮಕ್ಕಳು ಬರೆದುಕೊಳ್ಳುತ್ತಾರೆ. ದೊಡ್ಡ ಸದ್ದಂತೆ! ಹಾಗೆಂದವರ ಬಾಯಿಗೆ ಮಣ್ಣು ಬೀಳಲಿ.

ನಮ್ಮ ಮನೆ ಇರುವುದು ಮರಿಯಮ್ಮನಹಳ್ಳಿಯಲ್ಲಿ, ಮೂರು ದಾರಿ ಕೂಡುವ ಕಡೆ. ಅಣ್ಣನದು ಅದಿರಿನ ಲಾರಿ. ಸಂಡೂರಿನ ಗುಡ್ಡಗಳಿಂದ ಅದಿರು ಹೇರಿಕೊಂಡು ಬರುತ್ತದೆ. ಅಮಾವಾಸ್ಯೆಯ ಸಂಜೆ ಲಾರಿಗೆ ಬೂದುಗುಂಬಳಕಾಯಿ ನಿವಾಳಿಸಿ ಆ ಕೂಡುದಾರಿಯಲ್ಲಿ ಒಡೆದು ಬರುತ್ತಿದ್ದ. ಊರಿನ ಗಾಡಿಯವರೆಲ್ಲ ಒಡೆಯುವುದು ಅಲ್ಲೇ. ಬಿದ್ದ ಹೋಳನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಗಾಡಿಯ ದೃಷ್ಟಿ ಮುಟ್ಟಿದವರಿಗೆ ಬರುತ್ತದೆ. ಹಾಗಾಗಿ ತಿರುಳು, ಬೀಜ, ನೀರು ಎಲ್ಲ ಟಾರಿನ ಮೇಲೆಯೇ ಹರಡಿಕೊಂಡಿರುತ್ತವೆ. ಅಪಘಾತ ಆಗದಿರಲಿ ಎಂದು ಮಾಡುವ ಕೆಲಸ ನೋಡಿ ಇದು!

ಅಂಥ ಒಂದು ಸಂಜೆ ಎದುರುಮನೆಯ ಯಜಮಾನರ ಬೈಕು ಆ ತಿರುಳಿನ ಮೇಲೆ ಜಾರಿತು. ರಸ್ತೆಯಂಚಿನ ಕಲ್ಲಿಗೆ ತಲೆ ತಾಗಿತು. ನಾನು ಹತ್ತು ಮಾರು ದೂರದಲ್ಲಿ, ನಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದೆ. ಏನೂ ಕೇಳಿಸಲಿಲ್ಲ. ತಲೆಯೆತ್ತಿದಾಗ ಬೈಕಿನ ಚಕ್ರವೊಂದೇ ತಿರುಗುತ್ತಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಅಂದು ಕೇಳದ ಸದ್ದು ಈಗ ಎಲ್ಲೆಂದರಲ್ಲಿ ಕೇಳಿಸುತ್ತದೆ, ಪಾಠದ ನಡುವೆಯೂ. ನನಗೆ ಹೆದರಿಕೆಯಾಗುತ್ತದೆ.

ಅಣ್ಣನಂತೂ ಸೊರಗಿಹೋದ. ಅವತ್ತು ಅಲ್ಲಿ ಅವನೂ ಒಡೆದಿದ್ದ, ಇನ್ನೂ ಹಲವರು ಒಡೆದಿದ್ದರು. ಜಾರಿಸಿದ್ದು ಯಾರ ಕಾಯಿ?

“ನಂದೇ ಇರಬೇಕು,” ಎಂದು ತುತ್ತು ಕೈಯಲ್ಲಿ ಹಿಡಿದೇ ಅನ್ನುತ್ತಿದ್ದ.

“ಸುಮ್ನ ಉಣ್ಣಪಾ. ಕಾಯಿ ಮ್ಯಾಲೆ ಹೆಸರು ಬರದಿರ್ತಾರೇನು?” ಎಂದು ನಾನು ಗದರುತ್ತಿದ್ದೆ. ಗದರಿದರೆ ಹೋಗುವಂಥದ್ದೇ ಅದು?

ಮುಂದಿನ ಅಮಾವಾಸ್ಯೆಗೆ ಎದುರುಮನೆಯ ಅಕ್ಕ ಕಸಬರಿಗೆ, ಬುಟ್ಟಿ ಹಿಡಿದು ಹೊರಬಂದರು. ಗಂಡನನ್ನು ಕಳೆದುಕೊಂಡು ತಿಂಗಳಷ್ಟೇ ಆಗಿತ್ತು. ಯಾರು ಒಡೆದರೂ ಹಿಂದೆಯೇ ಹೋಗಿ ಹೋಳುಗಳನ್ನು ಗುಡಿಸಿ ತುಂಬತೊಡಗಿದರು. ನಮ್ಮವ್ವ ಓಡಿಹೋಗಿ ಕೈ ಹಿಡಿದಳು. “ಬ್ಯಾಡವಾ, ಕಂಡೋರ ದೃಷ್ಟಿ ನಿನಗ ತಗಲ್ತೈತಿ.”

“ತಗಲಾಕ ಇನ್ನೇನು ಉಳದೈತ್ರಿ?” ಅಂದರು ಅವರು. ಅವ್ವ ಕೈ ಬಿಟ್ಟಳು.

ಅಣ್ಣ ಕೆಲವು ತಿಂಗಳು ಕಾಯಿ ಒಡೆಯಲೇ ಇಲ್ಲ. ಒಡೆಯದೆ ಲಾರಿ ಹತ್ತಿದರೆ ಅರ್ಧ ದಾರಿಗೇ ನಿಲ್ಲಿಸಿ ಇಳಿದುಬಿಡುತ್ತಿದ್ದ, ಬಾಡಿಗೆಗಳು ತಪ್ಪಿದವು. ಕಳೆದ ಅಮಾವಾಸ್ಯೆಗೆ ಅವ್ವ ಹಟ ಹಿಡಿದು ಕಳಿಸಿದಳು. ಜೊತೆಗೆ ನಾನೂ ಹೋದೆ. ಅಕ್ಕ ಬುಟ್ಟಿ ಹಿಡಿದು ರಸ್ತೆಯಂಚಿನಲ್ಲಿ ನಿಂತಿದ್ದರು. ಕಾಯಿ ಎತ್ತಿದ ಅಣ್ಣನ ಕೈ ಇಳಿಯಲಿಲ್ಲ. ಅಲ್ಲೇ ಕೇಳಿಬಿಟ್ಟ:

“ಅಕ್ಕಾರ, ಖರೇ ಹೇಳ್ರಿ. ಅವತ್ತು ಜಾರಿಸಿದ್ದು ನನ್ನ ಕಾಯೇನ್ರಿ?”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

“ಒಡಿ ತಮ್ಮಾ. ಅವತ್ತು ನಮ್ಮನಿಯವರ ಬೈಕಿಗೂ ಕಾಯಿ ಇಳಿಸಿದ್ದೆ. ಅವರು ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ನಾನೂ ಇಲ್ಲೇ ಒಡದು ಹೋಗಿದ್ದೆ. ನಿಂದೋ ನಂದೋ, ಹೆಂಗ ಹೇಳ್ಲಿ?”