ಇಡಿ, ಹಿಡಿ ಮತ್ತು ಒಂದು ಹ್ಯಾಂಡ್ಸ್‌ಫ್ರೀ

೨೦೨೩ನೆಯ ಇಸವಿ, ಆಗ ನನಗೆ ನಲವತ್ತೊಂಬತ್ತು ವರ್ಷ. ಮಂಡ್ಯದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಎರಡು ದಶಕಗಳ ಕಾಲ ಕನ್ನಡ ವ್ಯಾಕರಣವನ್ನು ಕಲಿಸಿದ್ದೆ. ಕೊರೋನಾ ಕಾಲದಲ್ಲಿ ಆ ಶಾಲೆ ಮುಚ್ಚಿತು. ಅನಂತರ ನನ್ನ ಡೀಸೆಲ್ ಕಾರನ್ನು ಒಂದು ಪಶುವೈದ್ಯ ತುರ್ತು ಸೇವೆಗೆ ಗುತ್ತಿಗೆಯ ಮೇಲೆ ಕೊಟ್ಟು, ಅದರ ಚಾಲಕನ ಆಸನದಲ್ಲಿ ನಾನೇ ಕುಳಿತೆ. ಪಕ್ಕದ ಆಸನದಲ್ಲಿ ಡಾಕ್ಟರ್ ರೇಣುಕಾ. ಧಾರವಾಡದ ಕಡೆಯವರು, ಚಿಕ್ಕ ವಯಸ್ಸು, ಕೈ ಚುರುಕು, ಮಾತು ಅದಕ್ಕಿಂತ ಚುರುಕು. ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಯಾರ ಕೊಟ್ಟಿಗೆಯಿಂದ ಕರೆ ಬಂದರೂ ಹೋಗುವುದು ನಮ್ಮ ಕೆಲಸ. ಕರೆ ಬರುತ್ತಿದ್ದುದು ಗಾಡಿಯ ಮೇಲೆ ಬರೆಸಿದ್ದ ನನ್ನ ನಂಬರಿಗೆ.

ತೊಡಕು ಇದ್ದದ್ದು ಅಲ್ಲಿಯೇ. ಗಾಡಿ ಓಡಿಸುತ್ತ ಫೋನ್ ಹಿಡಿಯುವವನು ನಾನಲ್ಲ, ನಿಯಮವೆಂದರೆ ನಿಯಮ. ಡಾಕ್ಟರ ಕೈಗೆ ಕೊಟ್ಟರೆ ಆ ಊರಿನ ದಾರಿ ನನಗೆ ತಿಳಿಯದು. ಗಾಡಿ ನಿಲ್ಲಿಸಿ ನಾನೇ ಮಾತನಾಡಿದರೆ ರೋಗದ ವಿವರ ಅವರಿಗೆ ತಿಳಿಯದು. ಫೋನಿನ ಸ್ವಂತ ಸ್ಪೀಕರು ಡೀಸೆಲ್ ಇಂಜಿನಿನ ಗದ್ದಲದಲ್ಲಿ ಸೊಳ್ಳೆಯ ಹಾಡು. ಹೀಗೆ ಫೋನು ಕೈಯಿಂದ ಕೈಗೆ ಓಡಾಡುತ್ತಿದ್ದಾಗಲೇ, ಸಂಕ್ರಾಂತಿ ಕಳೆದ ವಾರ, ಕಿರುಗಾವಲಿನ ಆಚೆ ಒಂದು ಸಣ್ಣ ಊರಿನಲ್ಲಿ ಜಯಮ್ಮ ಎಂಬುವವರ ಹಸು ಕರು ಹಾಕಲಾರದೆ ಸತ್ತಿತು. ನಾವು ತಲಪಿದಾಗ ಆಕೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪಕ್ಕದ ಗೂಟದಲ್ಲಿ ಅದೇ ಹಸುವಿನ ಮಗಳು, ಚೊಚ್ಚಲ ಗಬ್ಬದ ಕಡಸು, ಕಿವಿ ನಿಮಿರಿಸಿ ನೋಡುತ್ತಿತ್ತು.

"ಇನ್ನಿರೋದು ಇದೊಂದೇಯ ಕಣವ್ವ. ಇದ್ನಾರ ಉಳ್ಸಿಕೊಡಿ," ಎಂದರು ಜಯಮ್ಮ.

ಡಾಕ್ಟರು ಕಡಸನ್ನು ಪರೀಕ್ಷಿಸಿ, ಮಾರ್ಚಿನಲ್ಲಿ ಕರು ಹಾಕುತ್ತದೆ, ಕರು ದೊಡ್ಡದಿರುವಂತಿದೆ, ನೋವು ಶುರುವಾದ ಕೂಡಲೇ ಫೋನ್ ಮಾಡಬೇಕು ಎಂದರು. ವಾಪಸು ಬರುವಾಗ ನನ್ನತ್ತ ತಿರುಗಿ, "ಮಾಸ್ತರ್ರ, ಇಬ್ರಿಗೂ ಒಮ್ಮೆಲೇ ಕೇಳೂ ಹಂಗ ಏನಾರ ಮಾಡ್ರಿ. ಈ ಫೋನಿನ ಪಲ್ಲಕ್ಕಿ ಉತ್ಸವ ಸಾಕಾತು," ಎಂದರು.

ಮರುವಾರವೇ ಒಂದು ಹ್ಯಾಂಡ್ಸ್‌ಫ್ರೀ ಕಿಟ್ ತಂದೆ. ಅದರಲ್ಲಿ ಮುಖ್ಯವಾಗಿ ಮೂರು ಅಂಗಗಳು. ಫೋನಿನೊಡನೆ ಬ್ಲೂಟೂತಿನಲ್ಲಿ ಮಾತನಾಡುವ ಒಂದು ಪೆಟ್ಟಿಗೆ, ಒಂದು ಮೈಕು, ಮತ್ತು ಕಾರಿನ ಸ್ಟೀರಿಯೋಗೂ ಅದರ ಪ್ಲಗ್ಗಿಗೂ ನಡುವೆ ಸೇರಿಸುವ ವೈರುಗಳ ಕಟ್ಟು. ಕರೆ ಬಂದರೆ ಹಾಡು ತಾನಾಗಿ ನಿಂತು, ಕರೆ ಮಾಡಿದವರ ದನಿ ಕಾರಿನ ಸ್ಪೀಕರುಗಳಲ್ಲೇ ಮೊಳಗುತ್ತದೆ. ಮಳವಳ್ಳಿ ಬಸ್ ನಿಲ್ದಾಣದ ಬಳಿ ಆಟೋ ಎಲೆಕ್ಟ್ರಿಷಿಯನ್ ಆಗಿರುವ ಗೆಳೆಯ ಅಕ್ರಂ, ನಾನೇ ಅದನ್ನು ಅಳವಡಿಸುತ್ತೇನೆಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮೇಷ್ಟ್ರೇ, ಡ್ಯಾಶ್‌ಬೋರ್ಡ್ ಬಿಚ್ಚೋದು ಸಂಧಿ ಬಿಡಿಸಿದಂಗಲ್ಲ. ಬಿಚ್ಚಿ, ಬಿಚ್ಚಿ. ಕೂಡ್ಸೋಕೆ ಹೆಂಗಿದ್ರೂ ನನ್ ಹತ್ರಾನೇ ಬರ್ತೀರ."

"ಬಿಡಿಸಲು ಬಂದವನಿಗೆ ಕೂಡಿಸಲೂ ಬರುತ್ತದೆ," ಎಂದೆ. ನನ್ನ ಪಾಲಿಗೆ ಅದು ಜಂಭವಲ್ಲ, ಕಸುಬು.

ಫೆಬ್ರವರಿಯ ಒಂದು ಭಾನುವಾರ, ಮಳವಳ್ಳಿಯ ನಮ್ಮ ಮನೆಯ ಮುಂದೆ ಹೊಂಗೆಯ ನೆರಳಿನಲ್ಲಿ ಕೆಲಸ ಆರಂಭಿಸಿದೆ. ಕಿಟ್ಟಿನ ಕೈಪಿಡಿಯನ್ನು ಹಿಂದಿನ ದಿನವೇ ಎರಡು ಸಲ ಓದಿ ಮುಗಿಸಿದ್ದೆ. ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಬೇಕು. ಇದನ್ನು ಮರೆತವರು ಫ್ಯೂಸಿನ ಅಂಗಡಿಗೆ ಗಿರಾಕಿಗಳಾಗುತ್ತಾರೆ. ಆಮೇಲೆ ಸ್ಟೀರಿಯೋದ ಸುತ್ತಲ ಚೌಕಟ್ಟನ್ನು ಪ್ಲಾಸ್ಟಿಕ್ ಸಲಾಕೆಯಿಂದ ಮೆಲ್ಲನೆ ಮೀಟಿ, ಸ್ಟೀರಿಯೋವನ್ನು ಈಚೆಗೆ ಎಳೆದು, ಅದರ ಬೆನ್ನಿನ ಪ್ಲಗ್ಗನ್ನು ಬಿಡಿಸಿ, ನಡುವೆ ಕಿಟ್ಟಿನ ವೈರುಗಳ ಕಟ್ಟನ್ನು ಸೇರಿಸಿದೆ. ನನ್ನ ಕಿಟ್ಟಿನಲ್ಲಿ ಕೆಂಪು ವೈರು ಸದಾ ವಿದ್ಯುತ್ ಇರುವ ತಂತಿಗೆ, ಕಿತ್ತಳೆ ಬಣ್ಣದ್ದು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿಗೆ, ಕಪ್ಪು ವೈರು ಅರ್ಥಿಗೆ, ಎಂದರೆ ಕಾರಿನ ಲೋಹದ ಮೈಗೆ. ಬಣ್ಣವನ್ನು ನಂಬದೆ, ಬ್ಯಾಟರಿಯನ್ನು ತುಸು ಹೊತ್ತು ಮತ್ತೆ ಜೋಡಿಸಿ ಪ್ರತಿಯೊಂದನ್ನೂ ಮೀಟರಿನಿಂದ ಅಳೆದು ನೋಡಿ, ಮತ್ತೆ ಕಳಚಿದೆ. ಜೋಡಣೆಗಳನ್ನು ತಿರುಚಿ ಟೇಪು ಸುತ್ತಿ ಬಿಡಲಿಲ್ಲ. ಬೆಸುಗೆ ಹಾಕಿ, ಮೇಲೆ ಕಾಯಿಸಿದರೆ ಬಿಗಿಯುವ ಕೊಳವೆಯನ್ನು ತೊಡಿಸಿದೆ. ಪೆಟ್ಟಿಗೆಯನ್ನು ಪೆಡಲುಗಳಿಗೆ ತಾಗದಂತೆ ಗ್ಲೋವ್ ಬಾಕ್ಸಿನ ಹಿಂದೆ ಕಟ್ಟಿ, ಮೈಕನ್ನು ಸ್ಟೀರಿಯೋದ ಪಕ್ಕದಲ್ಲೇ, ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದೆ.

ಬ್ಯಾಟರಿ ಜೋಡಿಸಿ ಇಂಜಿನ್ ಚಾಲೂ ಮಾಡಿದರೆ ಸ್ಪೀಕರಿನಲ್ಲಿ ಕುಂಯ್ ಎಂಬ ಶಬ್ದ. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತಿತ್ತು. ಎರಡು ಪದಗಳು ಕೂಡುವಾಗ ಇಲ್ಲದ ಅಕ್ಷರವೊಂದು ನಡುವೆ ಬಂದು ಕೂತರೆ ವ್ಯಾಕರಣದಲ್ಲಿ ಅದನ್ನು ಆಗಮ ಎನ್ನುತ್ತೇವೆ, ಇದು ಅಂಥದೇ. ಆಗಮವಾದರೆ ತಪ್ಪನ್ನು ಹುಡುಕಬೇಕಾದದ್ದು ಕೂಡಿದ ಜಾಗದಲ್ಲಿ. ನೋಡಿದರೆ, ಅರ್ಥ್ ವೈರನ್ನು ಬಿಗಿದಿದ್ದ ಸ್ಕ್ರೂವಿನ ಕೆಳಗೆ ಬಣ್ಣದ ಪದರವಿತ್ತು. ಉಪ್ಪು ಕಾಗದದಿಂದ ಉಜ್ಜಿ, ಲೋಹ ಬೆಳ್ಳಗೆ ಕಂಡ ಮೇಲೆ ಮತ್ತೆ ಬಿಗಿದೆ. ಕುಂಯ್ ನಿಂತಿತು.

ಸಂಜೆ ಅಕ್ರಂಗೆ ಫೋನ್ ಮಾಡಿದೆ. ಈ ಪರೀಕ್ಷೆಗೆ ಅವರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ನಮ್ಮ ಸೀಮೆಯ ಹೆಚ್ಚಿನವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಅಕ್ರಂರ ಮನೆಮಾತು ಉರ್ದು. ಅವರ ಹಕಾರ ಗಂಟೆಯಂತೆ. ನಾನು ಕಾರಿನಲ್ಲಿ ಕುಳಿತು, ತರಗತಿಯಲ್ಲಿ ಹೇಳಿಸುತ್ತಿದ್ದ ವಾಕ್ಯವನ್ನು ಸ್ಪಷ್ಟವಾಗಿ ಉಚ್ಚರಿಸಿದೆ: "ಹಳ್ಳಿಯ ಹಸುವಿಗೆ ಹಸಿ ಹುಲ್ಲು ಹಾಕು."

ಅತ್ತ ಕಡೆ ನಗೆಯ ಸ್ಫೋಟ.

"ಅಳ್ಳಿಯ ಅಸುವಿಗೆ ಅಸಿ ಉಲ್ಲು ಆಕು! ಯಾ ಅಲ್ಲಾ! ಮೇಷ್ಟ್ರೇ, ಮಕ್ಕಳ ಕಿವಿ ಹಿಂಡಿ ಹಿಂಡಿ ಕಲಿಸಿದ ಹ, ನಿಮ್ ಗಾಡೀನೇ ನುಂಗ್ಬಿಡ್ತಲ್ಲ!"

ನನ್ನ ಬಾಯಿಂದ ಹಕಾರ ಲೋಪವಾಯಿತೆಂದು ಹುಟ್ಟಿದಾರಭ್ಯ ಯಾರೂ ಹೇಳಿರಲಿಲ್ಲ. ಆದರೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೈಕಿನ ಪಕ್ಕದಲ್ಲೇ ಏಸಿಯ ಗಾಳಿ ಬರುವ ಕಿಂಡಿ. ಪೆಟ್ಟಿಗೆಯೊಳಗೆ ಗದ್ದಲವನ್ನು ಸೋಸುವ ಏರ್ಪಾಡಿದೆ. ಅದು ಗಾಳಿಯ ಸದ್ದನ್ನು ಅಳಿಸುತ್ತದೆ. ಹಕಾರವಾದರೂ ಏನು? ಬರಿಯ ಉಸಿರು. ಗಾಳಿಯೆಂದು ಬಗೆದು ಅದನ್ನೂ ಅಳಿಸಿಬಿಟ್ಟಿತ್ತು. ಮೈಕನ್ನು ಕಿತ್ತು, ವೈರನ್ನು ಬಾಗಿಲ ಕಂಬದ ರಬ್ಬರಿನೊಳಗೆ ಮೇಲಕ್ಕೆ ಸಾಗಿಸಿ, ಒಳಗನ್ನಡಿಯ ಬಳಿ, ಎರಡೂ ಆಸನಗಳಿಗೆ ಸಮಾನ ದೂರದಲ್ಲಿ, ಬಾಯಿಯತ್ತ ಮುಖಮಾಡಿ ಕೂರಿಸಿದೆ. ಮತ್ತೆ ಕರೆ, ಮತ್ತೆ ಅದೇ ವಾಕ್ಯ.

"ಹಾ! ಬಂತು ನೋಡಿ, ಐದಕ್ಕೆ ಐದೂ ಹ ಬಂತು," ಎಂದರು ಅಕ್ರಂ. "ಪಾಸ್ ಮೇಷ್ಟ್ರೇ. ಆದ್ರೆ ನಾಳೆಯಿಂದ ನನ್ ಅಂಗಡಿ ಎದುರುಗಡೆ ಅಂಗಡಿ ಇಡ್ಬೇಡಿ."

ಮೈಕನ್ನು ಎಲ್ಲಿ ಕೂರಿಸಬೇಕೆಂದು ಕೇಳುವವರಿಗೆ ಇಂದಿಗೂ ನಾನು ಹೇಳುವುದು ಇಷ್ಟೇ: ನಿಮ್ಮ ಹಕಾರ ಅತ್ತ ಕಡೆ ಕೇಳಿಸುವಲ್ಲಿ.

ಮಾರ್ಚ್ ಹತ್ತು, ಶುಕ್ರವಾರ. ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಒಂದು ಎಮ್ಮೆಗೆ ಚಿಕಿತ್ಸೆ ಮುಗಿಸಿ ಮಳವಳ್ಳಿ ದಾಟಿದ್ದೆವು. ಕಿರುಗಾವಲಿನ ಕಡೆಗೇ ಹೊರಟಿದ್ದೆವು, ಏಕೆಂದರೆ ಜಯಮ್ಮ ಆಗಲೇ ಒಮ್ಮೆ ಕರೆ ಮಾಡಿ, ಕಡಸಿಗೆ ನೋವು ಕಾಣಿಸಿಕೊಂಡಿದೆ ಎಂದು ತಿಳಿಸಿದ್ದರು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು, ಅದರ ಹಿಂದೆ ಇನ್ನೊಂದು ಟ್ರ್ಯಾಕ್ಟರು. ಆಗ ಸ್ಪೀಕರುಗಳು ಮೊಳಗಿದವು.

"ಅಲೋ, ಮೇಷ್ಟ್ರಾ? ಎಲ್ಲಿದೀರಪ್ಪ? ಮುಂಗಾಲೆರಡೂ ಈಚ್ಗೆ ಬಂದವೆ. ಸಿದ್ದನೂ ಅವ್ನ ತಮ್ಮನೂ ಅಗ್ಗ ಕಟ್ಟಿ ಎಳೀತಾವ್ರೆ. ಬತ್ತಾನೇ ಇಲ್ಲ ಕಣಪ್ಪ!"

ಸಿದ್ದ ಜಯಮ್ಮನವರ ನೆರೆಮನೆಯವನು. ಡಾಕ್ಟರು ಮುಂದಕ್ಕೆ ಬಾಗಿ ಕೇಳಿದರು: "ಕರುವಿನ ಮೂಗು ಕಾಣ್ತದೇನ್ರೀ?"

"ಮೂಗಿಲ್ಲ ಕಣವ್ವ. ಬರೀ ಕಾಲೇಯ."

ಡಾಕ್ಟರ ಮುಖ ಬದಲಾಯಿತು. ಮುಂಗಾಲು ಬಂದು ಮೂಗು ಬಾರದಿದ್ದರೆ ಕರುವಿನ ಕತ್ತು ಒಳಗೆ ಹಿಂದಕ್ಕೆ ಹೊರಳಿದೆಯೆಂದು ಅರ್ಥ. ಆಗ ಎಳೆದರೆ ತಾಯಿಯ ಗರ್ಭವೇ ಹರಿಯಬಹುದು. ಅವರು ಕೂಗಿದರು: "ಹಗ್ಗಾ ಇಡ್ರೀ! ಕೆಳಗ ಇಡ್ರೀ!"

ಅತ್ತಲಿಂದ ಜಯಮ್ಮನವರ ದನಿ, ಫೋನಿನಿಂದ ಬೇರೆ ಕಡೆಗೆ: "ಡಾಕ್ಟ್ರು ಕೆಳಿಕ್ಕೆ ಇಡೀರಿ ಅಂತಾವ್ರೆ ಕಣ್ರಲಾ! ಬಗ್ಸಿ ಎಳೀರ್ಲಾ!"

"ಇಡ್ರೀ! ಇಡ್ರಿ ಅಂದ್ರ ಇಡ್ರಿ!"

"ಇಡ್ದಿದೀವಿ ಕಣವ್ವೋ! ಗಟ್ಟಿಯಾಗೇ ಇಡ್ದಿದೀವಿ!" ಇದು ಸಿದ್ದನ ದನಿ, ಏದುಸಿರಿನ ನಡುವೆ. ಹಿಂದಿನಿಂದ ಕಡಸಿನ ನರಳಿಕೆ ನಾಲ್ಕೂ ಸ್ಪೀಕರುಗಳಲ್ಲಿ ಕಾರನ್ನು ತುಂಬಿತು.

ಡಾಕ್ಟರು ದಿಕ್ಕು ತೋಚದೆ ನನ್ನನ್ನು ನೋಡಿದರು. ನನಗೆ ಕರಿಹಲಗೆಯ ಮೇಲೆ ಬರೆದಷ್ಟು ಸ್ಪಷ್ಟವಾಗಿ ಕಂಡಿತು. ಹಳಗನ್ನಡದ 'ಪಿಡಿ' ಹೊಸಗನ್ನಡದಲ್ಲಿ 'ಹಿಡಿ' ಆಯಿತು. ನಮ್ಮ ಸೀಮೆಯಲ್ಲಿ ಆ ಹಕಾರವೂ ಉದುರಿ 'ಇಡಿ' ಆಯಿತು. ಹಾಗಾದರೆ ನಿಜವಾದ 'ಇಡು' ಎಲ್ಲಿ ಹೋಯಿತು? ಅದಕ್ಕೆ ನಮ್ಮವರು 'ಮಡಗು' ಎನ್ನುತ್ತಾರೆ. ಆದ್ದರಿಂದ ತಮ್ಮತಮ್ಮೊಳಗೆ ಅವರಿಗೆ ಎಂದೂ ಗೊಂದಲವಿಲ್ಲ. ಧಾರವಾಡದ ಡಾಕ್ಟರು ಹಗ್ಗವನ್ನು ಕೆಳಗಿಡಿರಿ ಎಂದರೆ, ಜಯಮ್ಮನವರ ಕೊಟ್ಟಿಗೆಯಲ್ಲಿ ಅದು ಹಗ್ಗವನ್ನು ಕೆಳಮುಖವಾಗಿ ಹಿಡಿಯಿರಿ ಎಂದಾಗುತ್ತದೆ. ಗಟ್ಟಿಯಾಗಿ ಕೂಗಿದಷ್ಟೂ ಗಟ್ಟಿಯಾಗಿ ಹಿಡಿಯುತ್ತಾರೆ. ತಪ್ಪು ಇಬ್ಬರದೂ ಅಲ್ಲ. ಮೈಕಿನದೂ ಅಲ್ಲ; ಅದು ಪ್ರತಿ ಅಕ್ಷರವನ್ನೂ ನಿಷ್ಠೆಯಿಂದ ಒಯ್ದಿತ್ತು.

ಎರಡೂ ಕೈ ಸ್ಟೀರಿಂಗಿನ ಮೇಲಿರಿಸಿಕೊಂಡೇ, ಒಳಗನ್ನಡಿಯತ್ತ ಮುಖವೆತ್ತಿ, ನನ್ನ ಜೀವಮಾನದಲ್ಲಿ ಎಂದೂ ಆಡದ ಕನ್ನಡವನ್ನು ಪೂರ್ತಿ ದನಿಯಲ್ಲಿ ಆಡಿದೆ:

"ಲೇ ಸಿದ್ದ! ಅಗ್ಗ ಬುಡ್ರಲಾ! ನೆಲದ್ ಮ್ಯಾಲೆ ಮಡಗ್ರಲಾ!"

ನರಳಿಕೆ ತಗ್ಗಿತು. "ಬುಟ್ವಿ ಕಣ್ ಮೇಷ್ಟ್ರೇ," ಎಂದ ಸಿದ್ದ, ಬೈಸಿಕೊಂಡ ಹುಡುಗನಂತೆ. "ಮೊದ್ಲೇ ಮಡಗಿ ಅನ್ಬಾರ್ದಾಗಿತ್ತಾ?"

ಡಾಕ್ಟರು ಒಮ್ಮೆ ನನ್ನನ್ನು ದಿಟ್ಟಿಸಿ, ಕೆಲಸಕ್ಕೆ ಮರಳಿದರು. ಅವರು ಒಂದೊಂದೇ ವಾಕ್ಯ ಹೇಳುವುದು, ನಾನು ಅದನ್ನು ಕಿರುಗಾವಲಿನ ಕನ್ನಡಕ್ಕೆ ತಿರುಗಿಸುವುದು. ಕಡಸನ್ನು ಎಬ್ಬಿಸಿ ನಿಲ್ಲಿಸಿ. ಯಾರೂ ಕೈ ಹಾಕಬೇಡಿ. ಬಿಸಿನೀರು, ಸೋಪು ಸಿದ್ಧವಾಗಿರಲಿ. ಟ್ರ್ಯಾಕ್ಟರುಗಳು ಬದಿಗೆ ಸರಿದವು. ಊರು ತಲಪುವವರೆಗೂ ಆ ಕರೆ ಕಡಿಯಲಿಲ್ಲ.

ಡಾಕ್ಟರು ಭುಜದವರೆಗೆ ಕೈ ಹಾಕಿ, ಕರುವನ್ನು ಒಳಕ್ಕೆ ತಳ್ಳಿ, ಕತ್ತನ್ನು ತಿರುಗಿಸಿ, ಮೂಗನ್ನು ಮುಂದಕ್ಕೆ ತಂದರು. ಅನಂತರ ಸಿದ್ದನತ್ತ ನೋಡಿ, ಒಂದು ಕ್ಷಣ ಯೋಚಿಸಿ, "ಈಗ ಇಡೀರಿ, ಎಳೀರಿ," ಎಂದರು. ಎಲ್ಲರೂ ನಕ್ಕರು; ಹಗ್ಗ ಹಿಡಿದ ಸಿದ್ದನೂ ನಕ್ಕ. ಹೆಣ್ಣು ಕರು ಹೊರಬಂದು, ಮೂಗು ಒರೆಸಿದ ಕೂಡಲೇ ಸೀನಿತು.

ಆದರೆ ತಾಯಿ ಏಳಲಿಲ್ಲ. ಮೊದಲೇ ಆಗಿದ್ದ ಎಳೆದಾಟದಲ್ಲಿ ಹಿಂಗಾಲಿನ ನರ ಜಜ್ಜಿಹೋಗಿತ್ತು. ಡಾಕ್ಟರು ಕ್ಯಾಲ್ಸಿಯಂ ಕೊಟ್ಟು, ಅಡಿಗೆ ದಪ್ಪನಾಗಿ ಹುಲ್ಲು ಹಾಸಿ, ಮಗ್ಗುಲು ಬದಲಿಸುತ್ತಿರಲು ಹೇಳಿದರು. "ಏಳ್ತದ, ಇಲ್ಲಾ ಏಳೂದಿಲ್ಲ. ನಾಕೈದು ದಿನದಾಗ ಗೊತ್ತಾಗ್ತದ," ಎಂದರು. ಜಯಮ್ಮ ಹುಲ್ಲು ತರಲು ಹೋದರು. ಮರುದಿನ ಹೋದೆವು, ಅದರ ಮರುದಿನವೂ ಹೋದೆವು. ಕರು ತಾಯಿಯ ಸುತ್ತ ನೆಗೆಯುತ್ತಿತ್ತು. ತಾಯಿ ಮಲಗಿಯೇ ಇತ್ತು.

ವ್ಯಾಕರಣದಲ್ಲಿ ಆದೇಶ ಎಂಬ ಪಾರಿಭಾಷಿಕ ಪದವಿದೆ. ಒಂದು ಅಕ್ಷರ ಹೋಗಿ, ಅದರ ಜಾಗಕ್ಕೆ ಇನ್ನೊಂದು ಬರುವುದೇ ಆದೇಶ. ಲೋಕದಲ್ಲಿ ಅದೇ ಪದಕ್ಕೆ ಅಪ್ಪಣೆ ಎಂದು ಅರ್ಥ. ಎರಡು ಅರ್ಥಗಳಿಗೆ ಒಂದೇ ಪದ ಏಕೆಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ಸಮಂಜಸವಾದ ಉತ್ತರವನ್ನೇ ಕೊಟ್ಟಿದ್ದೆ. ಅದಕ್ಕಿಂತ ಒಳ್ಳೆಯ ಉತ್ತರವನ್ನು ನನಗೆ ಕೊಟ್ಟದ್ದು ಈ ಚಾಲಕನ ಕೆಲಸ. ಆಡುವವನ ಪದ ಹೋಗಿ ಕೇಳುವವನ ಪದ ಅದರ ಜಾಗಕ್ಕೆ ಬಾರದೆ ಯಾವ ಅಪ್ಪಣೆಯೂ ನೆರವೇರುವುದಿಲ್ಲ. ಹಕಾರವನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಮನೆಪಾಠಕ್ಕೆ ಬರುವವರು ಹಳ್ಳಿಯನ್ನು ಅಳ್ಳಿ ಎಂದರೆ ಇಂದಿಗೂ ತಿದ್ದುತ್ತೇನೆ. ಆದರೆ ಗಾಡಿಯಲ್ಲಿ ಕುಳಿತಾಗ ಮಡಗಬೇಕಾದಲ್ಲಿ ಮಡಗುತ್ತೇನೆ.

ಜಯಮ್ಮನವರ ಮುಂದಿನ ಕರೆ ಬಂದಾಗ ನಾವು ಮದ್ದೂರಿನ ಹಾದಿಯಲ್ಲಿದ್ದೆವು. ಡಾಕ್ಟರೂ ನಾನೂ ಒಟ್ಟಿಗೇ ಕೇಳಿಸಿಕೊಂಡೆವು.

"ಮೇಷ್ಟ್ರೇ! ಅಸು ಎದ್ ನಿಂತ್ಕತು ಕಣಪ್ಪ! ನಮ್ಮ ಅಸು ಎದ್ ನಿಂತ್ಕತು!"

ಹಸು ಎಂದರೆ ಗೋವು, ಅಸು ಎಂದರೆ ಪ್ರಾಣ ಎಂದು ಎಷ್ಟೋ ತರಗತಿಗಳಿಗೆ ಬರೆಸಿದ್ದೇನೆ. ಜಯಮ್ಮನವರ ವಾಕ್ಯವನ್ನು ಎರಡೂ ಅರ್ಥಗಳನ್ನಿಟ್ಟು ಪರಿಶೀಲಿಸಿದೆ, ಎರಡರಲ್ಲೂ ಶುದ್ಧವಾಗಿತ್ತು. ಅಂದು ೨೦೨೩ನೆಯ ಇಸವಿ ಮಾರ್ಚ್ ಹದಿನಾಲ್ಕು, ಮಂಗಳವಾರ.