ಗೆಜ್ಜೆ ಕಟ್ಟಿದ ಕರೆಂಟ್ ಗಾಡಿ

ನಮ್ಮ ಭಾಗ್ಯಕ್ಕನ ಗಂಡ ದೇವಿಂದ್ರ ಮಾಮಾನಂಥ ಅಂಜುಬುರುಕ ಶಹಾಬಾದದಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅವನೆದುರಿಗೇ ಹೇಳಿದರೂ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಹಾಸಿಗೆಯಿಂದ ಎದ್ದೆದ್ದು ನೋಡುವವನು ಅವನು. ರೈಲ್ವೆ ಗೇಟು ತೆರೆದಿದ್ದರೂ ಗಾಡಿ ನಿಲ್ಲಿಸಿ, ಕೆಳಗಿಳಿದು, ಎರಡೂ ಕಡೆ ಕಣ್ಣಾಡಿಸಿಯೇ ಹಳಿ ದಾಟುವವನು. ಮದುವೆಯಾದ ಹೊಸತರಲ್ಲಿ ಅಕ್ಕ ತವರಿಗೆ ಬಂದಾಗಲೆಲ್ಲ ಇದನ್ನು ನಕ್ಕು ನಕ್ಕು ಹೇಳುತ್ತಿದ್ದಳು. ಆಮೇಲೆ ಅವಳು ನಗುವುದನ್ನು ಬಿಟ್ಟಳು, ನಾನು ಬಿಡಲಿಲ್ಲ.

ಅಂಜಿಕೆಯ ಕಾರಣ ಊರಿಗೇ ಗೊತ್ತಿತ್ತು. ಮಾಮಾನ ಅಪ್ಪ ನಾಮದೇವ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಹಮಾಲ. ನಮ್ಮ ಕಡೆ ಪರಸಿಯನ್ನು ಮಲಗಿಸಿ ಒಯ್ಯುವುದಿಲ್ಲ, ಮಲಗಿಸಿದರೆ ಕುಲುಕಾಟಕ್ಕೆ ಒಡೆಯುತ್ತದೆ. ಒಂದಕ್ಕೊಂದು ಒರಗಿಸಿ ನಿಲ್ಲಿಸಿ ಒಯ್ಯುತ್ತಾರೆ. ಕಲ್ಲು ಇಳಿಸಬೇಕಾದ ಹಮಾಲರು ಆ ನಿಂತ ಕಲ್ಲಿಗೂ ಗಾಡಿಯ ಬದಿ ಹಲಗೆಗೂ ನಡುವೆ ಕಾಲು ಚಾಚಿ ಕೂತು ಹೋಗುವುದು ಅಜ್ಜಂದಿರ ಕಾಲದ ರೂಢಿ. ಅಲ್ಲಿ ನೆರಳು ಇರುತ್ತದೆ, ಕಲ್ಲು ಬೆನ್ನಿಗೆ ತಂಪಾಗಿರುತ್ತದೆ, ಒಂದು ನಿದ್ದೆಯೂ ಆಗುತ್ತದೆ. ನಾಮದೇವನೂ ಹಾಗೆಯೇ ಕೂತಿದ್ದ. ಆಗಿನ್ನೂ ಮೀಸೆ ಮೂಡುತ್ತಿದ್ದ ದೇವಿಂದ್ರ ಮುಂದೆ ಡ್ರೈವರನ ಪಕ್ಕ ಇದ್ದ. ಚಿತ್ತಾಪುರದಲ್ಲಿ ಚಹಾಕ್ಕೆಂದು ಲಾರಿ ನಿಲ್ಲಿಸಿ ಅಪ್ಪನನ್ನು ಕರೆಯಲು ಹಿಂದೆ ಹೋದರೆ ಕಲ್ಲೆಲ್ಲ ಹಲಗೆಯ ಮೇಲೆ ವಾಲಿದ್ದವು. ದಾರಿಯಲ್ಲಿ ಎಲ್ಲಿ ವಾಲಿದವೋ, ಅಪ್ಪ ಎಷ್ಟು ಹೊತ್ತು ಜೀವ ಹಿಡಿದಿದ್ದನೋ, ಮುಂದೆ ಕೂತ ಇಬ್ಬರಿಗೂ ಗೊತ್ತಾಗಿರಲಿಲ್ಲ.

ಇಷ್ಟಾದರೂ ಅವನು ಕಲ್ಲಿನ ಕೆಲಸ ಬಿಡಲಿಲ್ಲ. ಶಹಾಬಾದದಲ್ಲಿ ಹುಟ್ಟಿ ಕಲ್ಲು ಬಿಟ್ಟು ಇನ್ನೇನು ಮಾಡಬೇಕು? ಹೋದ ವರ್ಷ ಹಳೆಯ ಡೀಸೆಲ್ ಗಾಡಿ ಕೊಟ್ಟು ಕರೆಂಟಿನ ಪಿಕಪ್ ತಂದ. ಓಣಿಯವರು ಡೀಸೆಲ್ ಖರ್ಚು ಉಳಿಸಲು ಎಂದುಕೊಂಡರು, ನಾನೂ ಹಾಗೆಯೇ ತಿಳಿದೆ. ಆದರೆ ದಿಂಬಿನ ಹತ್ತಿರ ಮೊಬೈಲ್ ಚಾರ್ಜಿಗೆ ಇಡಲೂ ಅಂಜುವವನು ಅಷ್ಟು ದೊಡ್ಡ ಬ್ಯಾಟರಿಯ ಮೇಲೆ ಕೂತು ಓಡಾಡುತ್ತಾನೆಂದರೆ ನನಗೆ ನಗು ತಡೆಯಲಾಗಲಿಲ್ಲ. ವಾಡಿ ಸ್ಟೇಷನ್ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಲ್ಲಿಂದ ಉಬ್ಬಿದ ಬ್ಯಾಟರಿಯೊಂದನ್ನು ಒಯ್ದು, ನಿನ್ನ ಗಾಡಿಯ ಹೊಟ್ಟೆಯಲ್ಲಿ ಇಂಥವು ರಾಶಿ ಇವೆ ನೋಡು ಎಂದು ತೋರಿಸಿದೆ. ಅವತ್ತಿನಿಂದ ಚಾರ್ಜಿಗೆ ಹಾಕಿದಷ್ಟು ಹೊತ್ತೂ ಅಂಗಳದಲ್ಲಿ ಮಂಚ ಹಾಕಿಕೊಂಡು, ಪಕ್ಕಕ್ಕೆ ಮರಳಿನ ಬಕೆಟ್ ಇಟ್ಟುಕೊಂಡು ಕಾವಲು ಕೂಡತೊಡಗಿದ. ಅಕ್ಕ ನನ್ನನ್ನು ಚೆನ್ನಾಗಿ ಬೈದಳು.

ಗಾಡಿಯನ್ನು ಕಲ್ಲಿಗೆ ಹೊಂದಿಸಿಕೊಟ್ಟವನು ವೆಲ್ಡಿಂಗ್ ಗನಿಸಾಬ. ಕೆಳಗೆ ಬ್ಯಾಟರಿ ಇರುವುದರಿಂದ ಅಲ್ಲಿ ಬೆಂಕಿ ಹಚ್ಚಬೇಡಿ, ತೂತು ಕೊರೆಯಬೇಡಿ ಎಂದು ಗಾಡಿ ಮಾರಿದವರು ಹೇಳಿದ್ದರು. ಅದಕ್ಕೆ ಗನಿಸಾಬ ಕಲ್ಲು ಒರಗಿಸುವ ಕಬ್ಬಿಣದ ಘೋಡಿಯನ್ನು ತನ್ನ ಅಂಗಳದಲ್ಲೇ ಬೆಸೆದು, ಗಾಡಿಯಲ್ಲಿ ಮೊದಲೇ ಇದ್ದ ತೂತುಗಳಿಗೇ ಬೋಲ್ಟ್ ಹಾಕಿ ಕೂಡಿಸಿದ. ಮಾಮಾ ಅಷ್ಟು ದೂರ ನಿಂತು, ಕಿಡಿ ಹಾರಿದಾಗಲೆಲ್ಲ ಗಾಡಿಯನ್ನು ಇನ್ನೂ ಹಿಂದಕ್ಕೆ ದಬ್ಬಿಸಿದ. ಹಳೆಯ ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣದಕಲ್ಲು ಸಾಗಿಸುತ್ತಿದ್ದ ರಬ್ಬರ್ ಪಟ್ಟಿಯನ್ನು ಗುಜರಿಯಿಂದ ತಂದು ಕಲ್ಲಿನ ಬುಡಕ್ಕೆ ಹಾಸಿದ. ಕಲ್ಲು ಬಿಗಿಯಲು ತಿರುಗಿಸಿದರೆ ಒಂದೊಂದೇ ಹಲ್ಲು ಬಿಗಿಯುತ್ತ ಹೋಗುವ ಹಿಡಿಯಿರುವ ದಪ್ಪ ಪಟ್ಟಾ ಹಾಕಿಸಿದ. ಕೊನೆಗೆ ಕ್ಯಾಬಿನ್ನಿನ ಹಿಂದಿನ ಗಾಜು ತೆಗೆದು ಬರೀ ಜಾಳಿಗೆ ಕೂಡಿಸಲು ಹೇಳಿದ. ಧೂಳೆಲ್ಲ ಒಳಗೆ ಬರುತ್ತದಲ್ಲ ಎಂದು ಗನಿಸಾಬ ಕೇಳಿದರೆ, ಬರಲಿ ಎಂದ.

ಒಂದು ಕಟ್ಟಳೆಯನ್ನೂ ಹಾಕಿದ. ಹಿಂದೆ ಕಲ್ಲಿನ ಹತ್ತಿರ ಯಾರೂ ಕೂಡುವಂತಿಲ್ಲ. ಕ್ಯಾಬಿನ್ನಿನಲ್ಲಿ ಇಬ್ಬರಿಗಷ್ಟೇ ಜಾಗ. ಹಮಾಲ ಮಾಣಿಕಪ್ಪ ಕಾಗಿಣಾ ನದಿ ದಂಡೆಯ ಊರಿನವನು, ಕಲ್ಲು ಕೊಯ್ಯುವ ಮಷೀನಿನ ಸದ್ದಿಗೆ ಕಿವಿ ಕಳೆದುಕೊಂಡವನು. ದೂರದ ಊರಿಗೆ ಮಾಲು ಹೋಗುವಾಗ ಪಕ್ಕದ ಸೀಟಿನಲ್ಲಿ ಬೇರೆ ಯಾರಾದರೂ ಇದ್ದರೆ ಅವನನ್ನು ಬಸ್ಸಿನಲ್ಲಿ ಮುಂಚೆಯೇ ಕಳಿಸುತ್ತಿದ್ದ. ಕಲ್ಲಿನ ಜೊತೆ ಹೋಗದವನು ಎಂಥ ಹಮಾಲ ಎಂದು ಮಾಣಿಕಪ್ಪ ಗೊಣಗುತ್ತಲೇ ಬಸ್ಸು ಹತ್ತುತ್ತಿದ್ದ.

ಇನ್ನು ಗೆಜ್ಜೆಯ ವಿಷಯ. ಗಾಡಿ ತಂದ ಹೊಸತರಲ್ಲಿ ಮಾಮಾನ ತಾಯಿ ಸಾಬಮ್ಮತ್ತೆ ಬಾಗಿಲ ಮುಂದೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಾಮಾ ಗಾಡಿಯನ್ನು ನೆರಳಿನಿಂದ ಹೊರಗೆ ತಂದ. ಸದ್ದೇ ಇಲ್ಲದ ಗಾಡಿ, ಅವಳು ತಿರುಗಲಿಲ್ಲ. ಮೊರ ಗಾಲಿಯ ಕೆಳಗೆ ಹೋಗಿ ಚಟ್ಟೆಂದಾಗಲೇ ಇಬ್ಬರಿಗೂ ತಿಳಿದದ್ದು. ಮಾಮಾ ಅವತ್ತು ಊಟ ಮಾಡಲಿಲ್ಲ. ಮರುದಿನ ಅತ್ತೆಯೇ ಸಂತೆಯಿಂದ ಎತ್ತಿನ ಕೊರಳ ಗೆಜ್ಜೆಸರ ತಂದು ಗಾಡಿಯ ಮುಂದೆ ಕಟ್ಟಿಸಿದಳು. ತಾಯಿ ಕಟ್ಟಿಸಿದ್ದನ್ನು ಬಿಚ್ಚುವುದು ಹೇಗೆ?

ಬಿಚ್ಚಲಿಲ್ಲ. ಆದರೆ ಊರು ದಾಟಿದ ಕೂಡಲೇ ನಿಲ್ಲಿಸಿ, ಮೊದಲು ಹಿಂದೆ ಹೋಗಿ ಪಟ್ಟಾ ಜಗ್ಗಿ ನೋಡಿ, ಆಮೇಲೆ ಮುಂದೆ ಬಂದು ಗೆಜ್ಜೆಗೆ ಹಳೆಯ ಸೀರೆಯ ತುಂಡು ಸುತ್ತುತ್ತಿದ್ದ. ಮುಂದಿನ ಊರು ಬಂತೆಂದರೆ ಇಳಿದು ಬಟ್ಟೆ ಬಿಚ್ಚುವುದು, ಅದು ಮುಗಿದರೆ ಮತ್ತೆ ಸುತ್ತುವುದು. ಸೇಡಂ ರಸ್ತೆಯ ಚಹಾದಂಗಡಿಯವರಿಗೆಲ್ಲ ಇದೊಂದು ತಮಾಷೆ. ಗಾಡಿಗೆ ಸೀರೆ ಉಡಿಸುವ ಮಾಮಾ ಎಂದು ಹೆಸರಿಟ್ಟವನು ನಾನೇ. ಯಾಕೆ ಸುತ್ತುತ್ತೀ ಎಂದು ಕೇಳಿದರೆ, ಸದ್ದು ಆಗುತ್ತದೆ ಎಂದಷ್ಟೇ ಹೇಳುತ್ತಿದ್ದ.

ಈ ಬೇಸಿಗೆಯಲ್ಲಿ ಕುಂಚಾವರಂ ಕಡೆಯ ಒಂದು ಹೊಸ ಮನೆಗೆ ಪರಸಿ ಒಯ್ಯುವುದಿತ್ತು. ಅಂಗಡಿಗೆ ರಜೆ ಮಾಡಿ ನಾನೂ ಹೊರಟೆ. ಚಿಂಚೋಳಿಯಲ್ಲಿ ನಮ್ಮ ಚಿಗವ್ವನ ಮನೆಯಲ್ಲಿ ಗಾಡಿಯನ್ನು ಚಾರ್ಜಿಗೆ ಹಾಕಿ, ಉಂಡು, ಮಧ್ಯಾಹ್ನ ಹೊರಟೆವು. ಮುಂದೆ ಕಾಡು. ಅಲ್ಲಿ ಚಾರ್ಜು ಮುಗಿದರೆ ಕೇಳುವವರಿಲ್ಲ ಎಂದು ಮಾಮಾ ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಊರು ಮುಗಿದಲ್ಲಿ ಬೇವಿನ ಗಿಡದ ಹತ್ತಿರ ನಿಲ್ಲಿಸಿ, ಎಂದಿನಂತೆ ಪಟ್ಟಾ ಜಗ್ಗಿ ನೋಡಿ, ಮುಂದೆ ಬಂದು ಬಗ್ಗಿ ಗೆಜ್ಜೆಗೆ ಬಟ್ಟೆ ಸುತ್ತತೊಡಗಿದ. ನಾನು ಮೊಬೈಲ್ ನೋಡುತ್ತಿದ್ದೆ. ಹಿಂದೆ ಯಾರೋ ಹಲಗೆಗೆ ತಟ್ಟಿದ ಸದ್ದಾಯಿತು. ಮಾಮಾನೇ ಇರಬೇಕೆಂದು ನಾನು ತಿಳಿದೆ. ಅವನು ನಾನೆಂದು ತಿಳಿದ.

ಕಾಡು ಶುರುವಾಗಿ ರಸ್ತೆ ಇಳಿಜಾರಾಯಿತು. ಗೆಜ್ಜೆ ಸುಮ್ಮನಿತ್ತು, ಗಾಡಿಯೂ ಸುಮ್ಮನಿತ್ತು. ಒಣಗಿದ ಎಲೆಗಳ ಮೇಲೆ ಗಾಲಿ ಉರುಳುವುದಷ್ಟೇ ಕೇಳಿಸುತ್ತಿತ್ತು. ಆಗ ಹಿಂದಿನ ಜಾಳಿಗೆಯಿಂದ ಒಂದು ಕೆಮ್ಮು ಬಂತು.

ಮಾಮಾ ಕಿವಿಯನ್ನು ಜಾಳಿಗೆಯ ಕಡೆ ತಿರುಗಿಸಿದ. ನಾನು ಏನೋ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಮ್ಮಿನ ಬೆನ್ನಿಗೇ ಕಲ್ಲು ಕಲ್ಲಿಗೆ ತಿಕ್ಕಿದ ಸದ್ದು ಬಂತು, ಸಣ್ಣಗೆ, ಬೀಸುವ ಕಲ್ಲನ್ನು ಒಂದೇ ಸುತ್ತು ತಿರುಗಿಸಿ ನಿಲ್ಲಿಸಿದ ಹಾಗೆ.

"ಹಿಂದ ಯಾರೋ ಕುಂತಾರ" ಎಂದು ಮಾಮಾ ಪಿಸುಗುಟ್ಟಿದ. "ಪಟ್ಟಾ ಸಡ್ಲ ಆಗ್ಯದ."

ಬ್ರೇಕ್ ಒತ್ತು ಎಂದೆ. ಅವನು ಒತ್ತಲಿಲ್ಲ. ಥಟ್ಟನೆ ನಿಂತರೆ ಕಲ್ಲು ಅಲುಗಿ ಬೀಳುತ್ತವೆ. ಎಕ್ಸಿಲೇಟರಿನಿಂದ ಕಾಲು ಮೇಲೆತ್ತಿದ, ಅಷ್ಟೇ. ಈ ಗಾಡಿ ಕಾಲು ತೆಗೆದರೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಅದು ಮೆಲ್ಲಮೆಲ್ಲಗೆ ನಿಲ್ಲುವಷ್ಟು ನಿಧಾನವಾಯಿತು. ಕೊನೆಗೆ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದ. ರಸ್ತೆ ಎಡಕ್ಕೆ ವಾಲಿತ್ತು.

ಇಳಿದು ನೋಡಿದರೆ ಎಡಬದಿಯಲ್ಲಿ, ಕಲ್ಲಿಗೂ ಹಲಗೆಗೂ ನಡುವೆ, ಮಾಣಿಕಪ್ಪ. ಆಗಿದ್ದು ಇಷ್ಟು: ಬೆಳಿಗ್ಗೆಯೇ ಬಸ್ಸಿನಲ್ಲಿ ಕಳಿಸಿದ್ದವನು ಚಿಂಚೋಳಿಯಿಂದ ಮುಂದೆ ಬಸ್ಸು ಸಿಗದೆ, ದೇವಿಂದ್ರ ಗೆಜ್ಜೆ ಸುತ್ತಲು ಬೇವಿನ ಗಿಡದ ಹತ್ತಿರ ನಿಂತೇ ನಿಲ್ಲುತ್ತಾನೆಂದು ಅಲ್ಲಿ ಬಂದು ಕಾದಿದ್ದಾನೆ. ಗಿಡದ ಹಿಂದಿನ ನೆರಳಿನಿಂದ ಎದ್ದು ಬರುವಷ್ಟರಲ್ಲಿ ಮಾಮಾ ಮುಂದೆ ಹೋಗಿ ಬಗ್ಗಿದ್ದ; ಕೈ ಬೀಸಿದ್ದಾನೆ, ನಾವು ನೋಡಿಲ್ಲ. ಹಮಾಲರ ರೂಢಿಯಂತೆ ಹಲಗೆಗೆ ತಟ್ಟಿ ಹತ್ತಿದ್ದಾನೆ. ಕಾಲು ಚಾಚಲು ಇಕ್ಕಟ್ಟಾಯಿತೆಂದು, ಜೀವಮಾನವಿಡೀ ಹಗ್ಗ ಸಡಿಲಿಸಿಕೊಂಡ ಹಾಗೆ, ಕಲ್ಲಿನ ಮೇಲಿಂದ ಕೈ ಚಾಚಿ ಆಚೆ ಬದಿಯ ಪಟ್ಟಾದ ಹಿಡಿಯನ್ನು ಒಂದಿಷ್ಟು ಬಿಟ್ಟುಕೊಂಡಿದ್ದಾನೆ. ಈಗ ಕಲ್ಲಿನ ಸಾಲು ಘೋಡಿ ಬಿಟ್ಟು ಅವನ ಕಡೆ ಬಾಗಿ, ಸಡಿಲ ಪಟ್ಟಾದ ಮೇಲೆ ಭಾರ ಹಾಕಿ ನಿಂತಿತ್ತು. ಗಾಡಿ ನಿಂತದ್ದಕ್ಕೆ ಎಚ್ಚರವಾದ ಮಾಣಿಕಪ್ಪ ಊರು ಬಂತೆಂದು ಕಣ್ಣುಜ್ಜಿಕೊಂಡು, ಎದ್ದೇಳಲು ಕಲ್ಲಿನ ಅಂಚಿಗೆ ಕೈ ಎತ್ತುತ್ತಿದ್ದ. ಅದನ್ನು ಹಿಡಿದು ಜಗ್ಗಿದರೆ ಮುಗಿಯಿತು.

ಕೂಗಿದರೆ ಅವನಿಗೆ ಕೇಳುವುದಿಲ್ಲ. ಗಾಬರಿಯಿಂದ ಕೈ ಬೀಸಿದರೆ ಇನ್ನೂ ಬೇಗ ಏಳುತ್ತಾನೆ.

"ತಂಬಾಕ ಕೇಳು" ಎಂದ ಮಾಮಾ. "ಅವನ ಎರಡೂ ಕೈ ಕೆಳಗ ಇರ್ಬೇಕು."

ನಾನು ಮಾಣಿಕಪ್ಪನ ಎದುರಿಗೆ ನಿಂತು ಎಡ ಅಂಗೈ ಚಾಚಿ ಬಲಗೈ ಹೆಬ್ಬೆರಳಿನಿಂದ ತಿಕ್ಕಿ ತೋರಿಸಿದೆ. ಮುಖದಲ್ಲಿ ನಗು ತಂದುಕೊಂಡೆ. ಅಂಥ ನಗು ನಾನು ಹಿಂದೆ ನಕ್ಕಿಲ್ಲ, ಮುಂದೆ ನಗುವುದೂ ಬೇಡ. ನಮ್ಮ ಕಡೆ ತಂಬಾಕು ಕೇಳಿದವನಿಗೆ ಇಲ್ಲವೆನ್ನುವವರಿಲ್ಲ. ಮಾಣಿಕಪ್ಪ ಎತ್ತಿದ ಕೈ ಇಳಿಸಿದ. ಈ ಹುಡುಗ ಯಾವಾಗ ಕಲಿತ ಎನ್ನುವಂತೆ ನೋಡಿ, ಸೊಂಟದಿಂದ ಚೀಲ ತೆಗೆದು, ಅಂಗೈಗೆ ತಂಬಾಕು ಸುರುವಿಕೊಂಡು, ಸುಣ್ಣ ಹಚ್ಚಿ ತಿಕ್ಕತೊಡಗಿದ.

ಆಚೆ ಬದಿಗೆ ಹೋದ ಮಾಮಾ ಪಟ್ಟಾದ ಹಿಡಿ ತಿರುಗಿಸಿದ. ಟಕ್. ಕಲ್ಲು ಕರ್ರೆಂದಿತು. ಸುಮ್ಮನೆ ನಿಂತು ಕೇಳಿದ. ಮತ್ತೆ ಟಕ್. ಪ್ರತಿ ಹಲ್ಲಿಗೂ ಹಾಗೆಯೇ ತಡೆದು ಕಿವಿಗೊಡುತ್ತಿದ್ದ, ಮಾಣಿಕಪ್ಪ ನಿಧಾನವಾಗಿ ತಿಕ್ಕುತ್ತಿದ್ದ. ಮಾಣಿಕಪ್ಪ ತಂಬಾಕು ತಟ್ಟಿ, ಊದಿ, ನನ್ನ ಕೈಗೆ ಹಾಕಿದ. ಅವನ ಕೈ ಖಾಲಿಯಾಯಿತು. ನಾನು ಅದನ್ನು ಬಾಯಿಗೆ ಹಾಕಿಕೊಂಡು ಮತ್ತೆ ಅಂಗೈ ಚಾಚಿದೆ. ಅವನು ನಕ್ಕು ಮತ್ತೊಮ್ಮೆ ತಿಕ್ಕಿದ. ಅದು ಮುಗಿಯುವಷ್ಟರಲ್ಲಿ ಕಲ್ಲು ಘೋಡಿಗೆ ಒರಗಿದ ಸದ್ದು ಕೇಳಿಸಿತು.

ಮಾಮಾ ಮಾಣಿಕಪ್ಪನನ್ನು ತೋಳು ಹಿಡಿದು ಇಳಿಸಿದ. ಬೈಯಲಿಲ್ಲ. ನಾನು ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡೆ. ತಂಬಾಕು ತಲೆಗೇರಿತೆಂದು ಮಾಣಿಕಪ್ಪ ಬೆನ್ನು ಸವರಿದ. ತನಗೇನಾಗಲಿತ್ತೆಂದು ಅವನಿಗಿನ್ನೂ ತಿಳಿದಿರಲಿಲ್ಲ. ಮಾಮಾ ಗಾಲಿಗೆ ಒರಗಿ ಕೂತ.

"ಅಪ್ಪನೂ ಕೆಮ್ಮಿರ್ಬೇಕು ಅವತ್ತು" ಎಂದ. "ನನ್ನ ಹೆಸರು ಹಿಡಿದು ಕರ್ದಿರ್ಬೇಕು. ನಾ ಮುಂದೇ ಇದ್ದೆ, ಸುರೇಶ. ಇಂಜಿನ್ ಕೇಳಗೊಡಲಿಲ್ಲ."

ಗಾಜು ಯಾಕೆ ತೆಗೆಸಿದ, ಗೆಜ್ಜೆಗೆ ಯಾಕೆ ಬಟ್ಟೆ ಸುತ್ತುತ್ತಾನೆ, ಈ ಸದ್ದಿಲ್ಲದ ಗಾಡಿಯನ್ನೇ ಯಾಕೆ ತಂದ ಎಂದು ಆಮೇಲೆ ನಾನು ಯಾವತ್ತೂ ಕೇಳಲಿಲ್ಲ. ಮಾಣಿಕಪ್ಪನನ್ನು ನನ್ನ ಜಾಗದಲ್ಲಿ ಕೂಡಿಸಿ, ಮುಂದಿನ ಊರಿನವರೆಗೆ ನಾನು ಗಾಡಿಯ ಹಿಂದೆ ನಡೆದೆ. ಕಲ್ಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಈಗಲೂ ಬಿಡುವಿದ್ದಾಗ ಅವನ ಜೊತೆ ಹೋಗುತ್ತೇನೆ. ಊರು ಮುಗಿದಲ್ಲಿ ನಾನೇ ಇಳಿಯುತ್ತೇನೆ. ಆದರೆ ಕ್ರಮ ಬದಲಾಗಿದೆ: ಮೊದಲು ಗೆಜ್ಜೆ, ಆಮೇಲೆ ಪಟ್ಟಾ. ಪಟ್ಟಾ ಜಗ್ಗಿ, ಕಲ್ಲಿನ ಎರಡೂ ಬದಿ ಬಗ್ಗಿ ನೋಡಿ, ಯಾರೂ ಇಲ್ಲ ಎಂದು ಮಾಮಾನಿಗೆ ಹೇಳುತ್ತೇನೆ. ಮಾಮಾ ತಲೆಯಾಡಿಸುತ್ತಾನೆ. ಆಮೇಲೆ ತಾನೂ ಇಳಿದು ಹೋಗಿ ನೋಡಿ ಬರುತ್ತಾನೆ, ನಾನು ನಗುವುದಿಲ್ಲ.